ಹುಲ್ಲುಬಯಲಿನ ನಿಕೋಡೆಮಸ್

ಪ್ರೈರಿ ಎಂಬ ಪದವನ್ನು ನೀವು ಭೂಗೋಳದ ಪಾಠದಲ್ಲಿ ಓದಿರುತ್ತೀರಿ: ಉತ್ತರ ಅಮೆರಿಕದ ನಡುಭಾಗದಲ್ಲಿ ಹಬ್ಬಿರುವ ಹುಲ್ಲಿನ ಬಯಲು. ಪರೀಕ್ಷೆಗೆ ಅಷ್ಟು ಸಾಕು. ಆ ಬಯಲಿನಲ್ಲಿ ಬದುಕು ಕಟ್ಟುವುದು ಹೇಗಿತ್ತೆಂದು ತಿಳಿಯಬೇಕಾದರೆ ಕ್ಯಾನ್ಸಾಸ್ ರಾಜ್ಯದ ನಿಕೋಡೆಮಸ್ ಎಂಬ ಪುಟ್ಟ ಹಳ್ಳಿಯ ಕಥೆ ಕೇಳಬೇಕು.

ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ರದ್ದಾಯಿತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಭೂಮಿ ಹಳೆಯ ಯಜಮಾನರ ಕೈಯಲ್ಲೇ ಉಳಿಯಿತು. ಉಳಲು ನೆಲವಿಲ್ಲದವನಿಗೆ ಬಿಡುಗಡೆ ಎಂದರೇನು? ಇತ್ತ, ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆ ಕೊಡುವ ಕಾನೂನು 1862ರಿಂದಲೇ ಇತ್ತು. ಅದನ್ನು ನಂಬಿ 1877ರ ಸೆಪ್ಟೆಂಬರಿನಲ್ಲಿ ಕೆಂಟಕಿಯಿಂದ ಸುಮಾರು 300 ಮಂದಿ ಕರಿಯರು ಹೊರಟು ಬಂದರು. ಎಲಿಸ್ ಎಂಬಲ್ಲಿಯವರೆಗೆ ರೈಲು. ಅಲ್ಲಿಂದ ಮೂವತ್ತೈದು ಮೈಲಿಗೂ ಹೆಚ್ಚು ಕಾಲ್ನಡಿಗೆ.

ಮರುವರ್ಷ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಮಹಿಳೆಯ ನೆನಪು ದಾಖಲಾಗಿದೆ. ಜೊತೆಯವರು ‘ಊರು ಬಂತು’ ಎಂದು ಕೂಗಿದಾಗ ಆಕೆಗೆ ಮನೆಗಳೇ ಕಾಣಲಿಲ್ಲ. ನೆಲದಿಂದ ಅಲ್ಲಲ್ಲಿ ಹೊಗೆ ಏಳುತ್ತಿತ್ತು, ಅಷ್ಟೆ. ಆಕೆ ಅತ್ತುಬಿಟ್ಟಳು. ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವನಿಗೆ ಇದಕ್ಕಿಂತ ಬಲವಾದ ದೃಶ್ಯ ಬೇರೆ ಬೇಕಿಲ್ಲ.

ನೆಲದೊಳಗೆ ಮನೆ ಏಕೆ? ಮರವಿಲ್ಲ, ಆದ್ದರಿಂದ ತೊಲೆಯಿಲ್ಲ, ಹಲಗೆಯಿಲ್ಲ. ಹೊರಗೆ ಹಿಮಗಾಳಿ ಬೀಸಿದರೂ ಕೆಲವು ಅಡಿ ಆಳದ ಮಣ್ಣಿನ ಉಷ್ಣತೆ ಅಷ್ಟಾಗಿ ಏರಿಳಿಯುವುದಿಲ್ಲ. ಹೀಗಾಗಿ ದಿಬ್ಬಗಳನ್ನು ಕೊರೆದು, ಮೇಲೆ ಹುಲ್ಲುಬೇರಿನ ಹೆಂಟೆಗಳನ್ನು ಹೊದಿಸಿ ವಾಸಿಸಿದರು. ಒಲೆಗೆ ಕಾಡೆಮ್ಮೆಯ ಒಣಗಿದ ಸಗಣಿ, ಸೂರ್ಯಕಾಂತಿಯ ಕಡ್ಡಿ. ಎತ್ತು, ಕುದುರೆ ಸಾಲದೆ ಗುದ್ದಲಿಯಿಂದಲೇ ಆ ಗಟ್ಟಿ ನೆಲ ಅಗೆದರು. ಕೆಲವು ಕುಟುಂಬಗಳು ಹಿಂದಿರುಗಿದವು. ಮೊದಲ ಚಳಿಗಾಲದಲ್ಲಿ ಬೇಟೆ ಮುಗಿಸಿ ಹೋಗುತ್ತಿದ್ದ ಓಸೇಜ್ ಜನ ಇವರಿಗೆ ಆಹಾರ ಹಂಚಿದರು. ಓಸೇಜರು ಅದೇ ಕ್ಯಾನ್ಸಾಸ್‌ನಲ್ಲಿ ತಮ್ಮ ನೆಲ ಕಳೆದುಕೊಂಡು ಇನ್ನೂ ಹತ್ತು ವರ್ಷವಾಗಿರಲಿಲ್ಲ ಎಂಬುದನ್ನು ನೀವು ಗಮನಿಸಬೇಕು.

ಶಾಲೆಯೂ ಮೊದಲು ಶುರುವಾದದ್ದು ಇಂಥ ಗುಂಡಿಮನೆಯಲ್ಲೇ. ಹತ್ತು ವರ್ಷದಲ್ಲಿ ಚರ್ಚುಗಳು, ಬ್ಯಾಂಕು, ಹೋಟೆಲು, ಬೇಸ್‌ಬಾಲ್ ತಂಡ, ಎರಡು ಪತ್ರಿಕೆಗಳು! ಇಲ್ಲಿ ನೆಲೆಸಿದ್ದ ಎಡ್ವರ್ಡ್ ಮೆಕೇಬ್ 1882ರಲ್ಲಿ ಇಡೀ ರಾಜ್ಯದ ಲೆಕ್ಕಪರಿಶೋಧಕನಾಗಿ ಚುನಾಯಿತನಾದ.

ಮುಂದಿನದು ರೈಲಿನ ಮಾತು. ಗೋಧಿ ತೂಕದಲ್ಲಿ ಭಾರ, ಬೆಲೆಯಲ್ಲಿ ಹಗುರ. ಹತ್ತಾರು ಮೈಲಿ ಗಾಡಿಯಲ್ಲಿ ಸಾಗಿಸಿದರೆ ಲಾಭವೆಲ್ಲ ದಾರಿಯಲ್ಲೇ ಕರಗುತ್ತದೆ. ರೈಲ್ವೆ ಕಂಪನಿಯನ್ನು ಬರಮಾಡಿಕೊಳ್ಳಲು ಊರವರು 1887ರಲ್ಲಿ 16,000 ಡಾಲರ್ ಸಾಲಪತ್ರಕ್ಕೆ ಮತ ಹಾಕಿದರು. ಆ ಕಂಪನಿ ಬರಲಿಲ್ಲ. 1888ರಲ್ಲಿ ಇನ್ನೊಂದು ಕಂಪನಿ ಸೊಲೊಮನ್ ನದಿಯ ಆಚೆ ದಡದಲ್ಲಿ ಹಳಿ ಹಾಕಿತು. ವ್ಯಾಪಾರಿಗಳು ಅಂಗಡಿ ಎತ್ತಿಕೊಂಡು ಅಲ್ಲಿಗೆ ನಡೆದರು. ನದಿಯ ಯಾವ ದಡ ಎಂಬ ಒಂದು ತೀರ್ಮಾನ ಊರಿನ ಹಣೆಬರಹ ಬರೆದುಬಿಟ್ಟಿತು. 1930ರ ದಶಕದ ಬರ ಮತ್ತು ಧೂಳಿನ ಬಿರುಗಾಳಿ ಉಳಿದವರಲ್ಲೂ ಅನೇಕರನ್ನು ಓಡಿಸಿತು. 1953ರಲ್ಲಿ ಅಂಚೆ ಕಚೇರಿ ಮುಚ್ಚಿತು.

ಆದರೂ ಊರು ನಕ್ಷೆಯಿಂದ ಅಳಿಯಲಿಲ್ಲ. 1996ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಈಗ ಅಲ್ಲಿರುವುದು ಕೆಲವೇ ಮನೆಗಳು. ಜುಲೈ ಕೊನೆಯ ವಾರದಲ್ಲಿ ಮಾತ್ರ ಲೆಕ್ಕ ಬದಲಾಗುತ್ತದೆ. ಮೊದಲ ವಲಸಿಗರ ಮೊಮ್ಮಕ್ಕಳು, ಮರಿಮಕ್ಕಳು ದೇಶದ ನಾನಾ ಮೂಲೆಗಳಿಂದ ಬಿಡುಗಡೆಯ ಹಬ್ಬಕ್ಕೆ ಬಂದು ಸೇರುತ್ತಾರೆ. ಮೆರವಣಿಗೆ, ಚರ್ಚಿನಲ್ಲಿ ಹಾಡು, ಒಟ್ಟಿಗೆ ಊಟ. ಅವರಲ್ಲಿ ಹೆಚ್ಚಿನವರು ಅಲ್ಲಿ ಹುಟ್ಟಿದವರೂ ಅಲ್ಲ.