ನೋವಿಲ್ಲದ ರಕ್ತ ಮತ್ತು ಮೂತ್ರನಾಳದ ಅರ್ಬುದ

ಮೂತ್ರದಲ್ಲಿ ಒಮ್ಮೆ ರಕ್ತ ಕಾಣಿಸುತ್ತದೆ, ನೋವಿಲ್ಲ, ಎರಡು ದಿನದಲ್ಲಿ ತಾನಾಗಿಯೇ ನಿಲ್ಲುತ್ತದೆ. ಆಗ ನಾವು ಮಾಡುವುದೇನು? ಉಷ್ಣವಾಗಿದೆಯೆಂದು ಎಳನೀರು, ಬಾರ್ಲಿ ಗಂಜಿ ಕುಡಿದು ಸುಮ್ಮನಾಗುತ್ತೇವೆ. ಹೊರನಾಡಿನಲ್ಲಿ ನೆಲಸಿದ ನಮ್ಮ ಹಿರಿಯರಿಗಂತೂ ಇಂಥ ಮಾತನ್ನು ಪರಭಾಷೆಯ ವೈದ್ಯರ ಮುಂದೆ ಆಡಲು ಬಲು ಸಂಕೋಚ. ಇಂಥ ರಕ್ತಕ್ಕೆ ಕಲ್ಲು, ಸೋಂಕು ಮೊದಲಾದ ಕಾರಣಗಳೂ ಉಂಟು, ನಿಜ. ಆದರೆ ಅರ್ಬುದ, ಅಂದರೆ ಕ್ಯಾನ್ಸರ್, ಅಲ್ಲವೆಂದು ಪರೀಕ್ಷೆಯಿಲ್ಲದೆ ಹೇಳಲಾಗದು.

ಮೂತ್ರಪಿಂಡದ ಒಳಕುಹರ, ಅಲ್ಲಿಂದಿಳಿಯುವ ಮೂತ್ರನಾಳ, ಕೆಳಗಿನ ಮೂತ್ರಕೋಶ, ಈ ಮೂರಕ್ಕೂ ಒಂದೇ ಬಗೆಯ ಒಳಪೊರೆ. ಈ ಪೊರೆಯ ಕ್ಯಾನ್ಸರ್ ಹೆಚ್ಚಾಗಿ ಮೂತ್ರಕೋಶದಲ್ಲಿಯೇ ಹುಟ್ಟುತ್ತದೆ. ನೂರಕ್ಕೆ 5ರಿಂದ 10ರಷ್ಟು ಮಾತ್ರ ಮೇಲ್ಭಾಗದಲ್ಲಿ. ವಿರಳವಾದುದರಿಂದಲೇ ಅದು ಕಣ್ತಪ್ಪುವ ಭಯ. ದುರ್ಬೀನಿನಲ್ಲಿ ಮೂತ್ರಕೋಶ ಶುದ್ಧವಾಗಿ ಕಂಡರೂ ರಕ್ತದ ಕಾರಣ ಸಿಗದಿದ್ದಲ್ಲಿ ಮೇಲಿನ ನಾಳಗಳ ಸಿ.ಟಿ. ಚಿತ್ರ, ಮೂತ್ರದೊಳಗಿನ ಜೀವಕೋಶಗಳ ಪರೀಕ್ಷೆ ಆಗಬೇಕು. ಅಗತ್ಯವಿದ್ದರೆ ನಾಳದೊಳಗೇ ಸಣ್ಣ ದುರ್ಬೀನನ್ನು ಕಳಿಸಿ, ಚೂರು ತೆಗೆದು ನೋಡುತ್ತಾರೆ.

ಕಾರಣಗಳಲ್ಲಿ ಧೂಮಪಾನವೇ ಮೊದಲನೆಯದು. ಇನ್ನೊಂದು ವಿಚಿತ್ರವಾದುದು. ಯುರೋಪಿನ ಬಾಲ್ಕನ್ ನಾಡಿನ ಕೆಲವು ಹಳ್ಳಿಗಳಲ್ಲಿ ಮೂತ್ರಪಿಂಡ ಕೆಡುವ ಕಾಯಿಲೆಯೊಡನೆ ಈ ಕ್ಯಾನ್ಸರ್ ಬಹುಕಾಲ ಬೆನ್ನುಹತ್ತಿತ್ತು. ಗೋದಿಯೊಡನೆ ಬೆರೆತ ಕಳೆಗಿಡವೊಂದರ ಬೀಜದತ್ತ 2007ರ ಸಂಶೋಧನೆ ಬೆರಳು ತೋರಿಸಿತು. ಬೆಲ್ಜಿಯಂನಲ್ಲಿ ಮೈ ಇಳಿಸಲು ಗಿಡಮೂಲಿಕೆ ಸೇವಿಸಿದ ಹೆಂಗಸರ ಮೂತ್ರಪಿಂಡ ಕೆಟ್ಟ ಸುದ್ದಿ 1993ರಲ್ಲಿ ಪ್ರಕಟವಾಯಿತು. ಅವರಲ್ಲಿ ಕೆಲವರಿಗೆ ಮುಂದೆ ಇದೇ ಕ್ಯಾನ್ಸರ್ ತೋರಿತು. ಎರಡು ಕಡೆಯೂ ವಿಷ ಒಂದೇ, ಅರಿಸ್ಟೊಲೋಕಿಕ್ ಆಮ್ಲ. ನಮ್ಮ ಈಶ್ವರಿ ಬಳ್ಳಿಯೂ ಅದೇ ಕುಲದ್ದು. ಅದರಲ್ಲಿಯೂ ಈ ಆಮ್ಲವುಂಟು. ಊರಿನಿಂದ ಬಂದ ಬೇರೆಂದ ಮಾತ್ರಕ್ಕೆ ಕಷಾಯ ನಿರಪಾಯವಾಗದು.

ಬೇಗ ತಿಳಿದ, ಉಗ್ರವಲ್ಲದ ಗಂಟನ್ನು ಮೂತ್ರಪಿಂಡ ಉಳಿಸಿಕೊಂಡೇ ಲೇಸರ್ ಕಿರಣದಿಂದ ಸುಡಬಹುದು. ಉಗ್ರವಾದುದಾದರೆ ಆ ಬದಿಯ ಮೂತ್ರಪಿಂಡವನ್ನೂ, ನಾಳವನ್ನೂ, ನಾಳವು ಮೂತ್ರಕೋಶವನ್ನು ಸೇರುವ ಅಂಚನ್ನೂ ತೆಗೆಯುವುದು ವಾಡಿಕೆ. ಕೆಲವರಿಗೆ ಕೀಮೊಥೆರಪಿಯೂ ಬೇಕಾಗುತ್ತದೆ. ಉಳಿದ ಮೂತ್ರಪಿಂಡ ಚೆನ್ನಾಗಿದ್ದರೆ ಒಂದರಿಂದಲೇ ಬಾಳಬಹುದು. ಆದರೆ ರೋಗ ಮುಂದೆ ಮೂತ್ರಕೋಶದಲ್ಲಿ ತಲೆಯೆತ್ತುವುದುಂಟು; ಆದ್ದರಿಂದ ವರ್ಷಗಟ್ಟಲೆ ತಪಾಸಣೆ ತಪ್ಪಿಸಬಾರದು.

1941ರಲ್ಲಿ ಆರಂಭವಾದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, 1954ರ ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ ನಮ್ಮಲ್ಲಿ ಅನೇಕರ ಮನೆಗೆ ಹತ್ತಿರದಲ್ಲಿಯೇ ಇವೆ. ಹಿರಿಯರಿಗೆ ಭಾಷೆಯ ತೊಡಕಿದ್ದರೆ ಮಕ್ಕಳೋ ನೆರೆಯ ಕನ್ನಡಿಗರೋ ಜೊತೆಗೆ ಹೋಗಿ ಮಾತಾಡಲಿ. ರಕ್ತ ನಿಂತಿತೆಂದರೆ ರೋಗ ನಿಂತಿತೆಂದಲ್ಲ. ಒಮ್ಮೆ ಕಂಡರೂ ಸಾಕು, ವೈದ್ಯರಿಗೆ ತೋರಿಸೋಣ.