ಗುಡ್ಡದ ಭೂತ ಯಾರು?

ಹಳ್ಳಿಗಳಲ್ಲಿ ಟಿ.ವಿ. ಇದ್ದ ಮನೆಯ ಪಡಸಾಲೆಯೇ ಓಣಿಗೆಲ್ಲ ಟಾಕೀಸಾಗಿದ್ದ ಕಾಲ. 1990ರ ಸುಮಾರಿಗೆ ದೂರದರ್ಶನದಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಧಾರಾವಾಹಿ ಬಂತು. ನಟ ಪ್ರಕಾಶ್ ರೈ. ಮುಂದೆ ಪ್ರಕಾಶ್ ರಾಜ್ ಎಂದು ಹೆಸರಾದವರು. ಕಾಡುತ್ತಿರುವುದು ನಿಜವಾದ ಭೂತವೋ, ಮನುಷ್ಯನ ಕೈವಾಡವೋ? ಕಂತು ಮುಗಿದರೆ ನೋಡಿದವರಲ್ಲಿ ಇದೇ ತರ್ಕ.

ಮಕ್ಕಳ ಇಂಥ ತರ್ಕವನ್ನು ಕಾಡುಹರಟೆ ಎಂದು ಪಾಲಕರು ಗದರುವುದುಂಟು. ಪ್ರಯೋಗಶಾಲೆಯಲ್ಲಿ ನಡೆಯುವುದಾದರೂ ಏನು? ಒಂದು ಊಹೆ, ಅದಕ್ಕೊಂದು ಸುಳಿವು, ಆಮೇಲೆ ಪರೀಕ್ಷೆ. ‘ಇವನೇ ಕಳ್ಳ’ ಎಂದವನ ಊಹೆ ಮುಂದಿನ ಕಂತಿನಲ್ಲಿ ಸುಳ್ಳಾಗಬಹುದು; ಆಗ ಅವನು ಹೊಸದನ್ನು ಹುಡುಕಲೇಬೇಕು. ‘ಎಲ್ಲಾ ಭೂತದ ಆಟ’ ಎಂದವನಿಗೆ ಆ ಕಷ್ಟವಿಲ್ಲ. ಬಾಗಿಲು ಬಡಿದರೂ ಭೂತ, ಬಡಿಯದಿದ್ದರೂ ಭೂತ! ಯಾವ ಸಾಕ್ಷಿಗೂ ಬಗ್ಗದ ಊಹೆ ಏನನ್ನೂ ವಿವರಿಸುವುದಿಲ್ಲ.

ಧಾರಾವಾಹಿ ಇಂದಿನದಾದರೂ ಮಗುವನ್ನು ಕೇಳಬೇಕಾದ್ದು ಒಂದೇ: “ಯಾವ ಸುಳಿವು ಸಿಕ್ಕರೆ ನಿನ್ನ ಊಹೆ ಬಿಡ್ತೀಯಪ್ಪಾ?” ಕೊಕ್ಕನೂರಿನ ಕಡೆ ಗದ್ದೆಯಂಚಿನ ಹುಣಸೆಮರದಲ್ಲಿ ರಾತ್ರಿ ಏನೋ ಮಿನುಗಿತೆಂದು ಹುಡುಗ ನಡುಗುತ್ತ ಬಂದರೂ ಅದೇ ಪ್ರಶ್ನೆ. ಗದರುವ ಬದಲು ಅಪ್ಪ ಜೊತೆಗೆ ಹೋಗಿ ನಿಂತರೆ, ಕಣ್ಣಿಗೆ ಬೀಳುವುದು ಬಹುಶಃ ಮಿಂಚುಹುಳು.