ಮುಂಬದಿಯ ಕಿಂಡಿಗಳು

ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಪೀಣ್ಯದ ಕಾರ್ಖಾನೆಗಳನ್ನು ದಾಟಿದರೆ ನಾಗಸಂದ್ರ. 2015ರಲ್ಲಿ ಮೆಟ್ರೊ ರೈಲು ಇಲ್ಲಿಯವರೆಗೆ ಬಂದಿತು. ಅದೇ ಹಸಿರು ಮಾರ್ಗದ ಚಿಕ್ಕಪೇಟೆಯಲ್ಲಿ ಇಳಿದವರಿಗೆ ಗಣಕಯಂತ್ರದ ಬಿಡಿಭಾಗಗಳನ್ನು ಮಾರುವ ಎಸ್.ಪಿ. ರಸ್ತೆ ದೂರವಲ್ಲ. ಮದರ್‌ಬೋರ್ಡು, ಎಸ್‌ಎಂಪಿಎಸ್, ಕ್ಯಾಬಿನೆಟ್ಟುಗಳನ್ನು ಬಿಡಿಯಾಗಿ ಕೊಂಡು ಮನೆಯಲ್ಲಿಯೇ ಗಣಕಯಂತ್ರವನ್ನು ಜೋಡಿಸುವುದು ಅಸಾಧ್ಯವಾದ ಕೆಲಸವೇನಲ್ಲ. ಆದರೆ ಜೋಡಿಸಿ ಮುಗಿಸಿದ ಮೇಲೆ, ಮುಂಬದಿಯ ಯುಎಸ್‌ಬಿ ಕಿಂಡಿಗೆ ಪೆನ್‌ಡ್ರೈವ್ ಚುಚ್ಚಿದರೆ ಯಂತ್ರವು ಅದನ್ನು ಗುರುತಿಸದೆ ಸುಮ್ಮನಿರುವುದುಂಟು.

ಯುಎಸ್‌ಬಿ ವ್ಯವಸ್ಥೆಯು ಬಳಕೆಗೆ ಬಂದುದು 1996ರಲ್ಲಿ. ಬರೋಡದಲ್ಲಿ ವ್ಯಾಸಂಗ ಮಾಡಿದ ಅಜಯ್ ಭಟ್ಟರು ಇಂಟೆಲ್ ಸಂಸ್ಥೆಯಲ್ಲಿದ್ದಾಗ ಇದರ ರಚನೆಯಲ್ಲಿ ಮುಖ್ಯ ಪಾತ್ರ ವಹಿಸಿದರು. ಇದರ ಮೂಲರೂಪದಲ್ಲಿ ನಾಲ್ಕೇ ತಂತಿಗಳು. ಕೆಂಪು ತಂತಿಯು 5 ವೋಲ್ಟ್ ವಿದ್ಯುತ್ತನ್ನು ತರುತ್ತದೆ. ಕಪ್ಪು ತಂತಿಯು ಅದು ಹಿಂದಿರುಗುವ ದಾರಿ. ಬಿಳಿ ಮತ್ತು ಹಸಿರು ತಂತಿಗಳು ಮಾಹಿತಿಯನ್ನು ಸಾಗಿಸುತ್ತವೆ. ಇಷ್ಟನ್ನು ನೆನಪಿಟ್ಟುಕೊಂಡರೆ ದೋಷದ ಜಾಡು ಹಿಡಿಯಬಹುದು.

ಮೊದಲು ಆ ಪೆನ್‌ಡ್ರೈವನ್ನು ಹಿಂಬದಿಯ ಕಿಂಡಿಗೆ ಹಾಕಿ ನೋಡಬೇಕು. ಹಿಂಬದಿಯ ಕಿಂಡಿಗಳು ಮದರ್‌ಬೋರ್ಡಿಗೇ ಬೆಸೆದುಕೊಂಡಿರುತ್ತವೆ. ಮುಂಬದಿಯವು ಉದ್ದವಾದ ವೈರಿನ ಮೂಲಕ ಅದಕ್ಕೆ ಸೇರುತ್ತವೆ. ಹಿಂದೆ ಕೆಲಸ ಮಾಡಿ ಮುಂದೆ ಮಾಡದಿದ್ದರೆ ಪೆನ್‌ಡ್ರೈವ್ ನಿರ್ದೋಷಿ. ಆಗ ವಿಂಡೋಸನ್ನು ಅಳಿಸಿ ಮತ್ತೆ ತುಂಬುವವರಿದ್ದಾರೆ. ಬಾಗಿಲಿನ ಕೀಲು ಸಡಿಲವಾದುದಕ್ಕೆ ಮನೆಗೆ ಸುಣ್ಣ ಬಳಿದಂತಾಯಿತು ಅದು!

ಪೆನ್‌ಡ್ರೈವಿನ ದೀಪ ಹೊತ್ತಿಕೊಂಡೂ ಯಂತ್ರವು ಅದನ್ನು ಗುರುತಿಸದಿದ್ದರೆ ಮಾಹಿತಿಯ ತಂತಿಗಳನ್ನು ಸಂಶಯಿಸಬೇಕು. ದೀಪವೇ ಹೊತ್ತದಿದ್ದರೆ ವಿದ್ಯುತ್ತು ಅಲ್ಲಿಗೆ ಬರುತ್ತಿಲ್ಲ. ಇನ್ನೂ ಒಂದು ಸುಳಿವುಂಟು: ಒಂದೇ ಸಂಪರ್ಕವು ಸಾಮಾನ್ಯವಾಗಿ ಎರಡು ಕಿಂಡಿಗಳಿಗೆ ಸಾಲುತ್ತದೆ. ಎರಡೂ ಒಟ್ಟಿಗೆ ಸತ್ತಿದ್ದರೆ ಆ ಸಂಪರ್ಕವನ್ನು, ಒಂದು ಮಾತ್ರ ಸತ್ತಿದ್ದರೆ ಆ ಕಿಂಡಿಯನ್ನು ಮೊದಲು ನೋಡುವುದು ಸರಿ. ಲಾರಿಗಳ ಧೂಳು ಒಳನುಗ್ಗುವ ಮನೆಗಳಲ್ಲಿ ಕಿಂಡಿಯೊಳಗೆ ಕಸ ಸೇರಿರುವುದೂ ಉಂಟು.

ಮುಚ್ಚಳವನ್ನು ತೆಗೆಯುವ ಮುನ್ನ ಯಂತ್ರವನ್ನು ನಿಲ್ಲಿಸಿ, ಗೋಡೆಯ ಪ್ಲಗ್ಗನ್ನು ಕಿತ್ತಿಡಬೇಕು. ಬೋರ್ಡನ್ನು ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಿ, ಮೈಯಲ್ಲಿನ ಸ್ಥಾಯೀವಿದ್ಯುತ್ತನ್ನು ಕಳೆದುಕೊಳ್ಳತಕ್ಕದ್ದು. ಮುಂಬದಿಯ ವೈರು ಬೋರ್ಡಿನ ಒಂಬತ್ತು ಪಿನ್ನುಗಳ ಒಂದು ಗುಂಪಿಗೆ ಕೂಡುತ್ತದೆ. ಪಿನ್ನುಗಳು ಎರಡು ಸಾಲಾಗಿದ್ದು, ಮೂಲೆಯ ಒಂದು ಸ್ಥಾನ ಬರಿದಾಗಿರುತ್ತದೆ. ವೈರನ್ನು ತಿರುಗುಮುರುಗಾಗಿ ಕೂಡಿಸದಿರಲಿ ಎಂದೇ ಈ ಏರ್ಪಾಡು. ಸಡಿಲವಾಗಿದ್ದರೆ ನೇರವಾಗಿ ಒತ್ತಿ ಕೂಡಿಸಬೇಕು. 2008ರಲ್ಲಿ ಬಂದ ಯುಎಸ್‌ಬಿ 3.0ಕ್ಕೆ ಹತ್ತೊಂಬತ್ತು ಪಿನ್ನುಗಳ ದಪ್ಪ ಸಂಪರ್ಕವಿದೆ. ಅವಸರದಲ್ಲಿ ಒತ್ತಿದರೆ ಅದರ ಪಿನ್ನುಗಳು ಬಾಗುತ್ತವೆ.

ಬೋರ್ಡಿನಲ್ಲಿ ಅಂಥದೇ ಇನ್ನೊಂದು ಗುಂಪಿದ್ದರೆ ವೈರನ್ನು ಅಲ್ಲಿಗೆ ಬದಲಿಸಿ ಪರೀಕ್ಷಿಸಬಹುದು. ಈಗ ಕಿಂಡಿಗಳು ಜೀವ ತಳೆದರೆ ಬೋರ್ಡಿನ ಮೊದಲ ಗುಂಪೇ ಕೆಟ್ಟಿದೆ, ಅಥವಾ ಬಯಾಸಿನಲ್ಲಿ ಅದನ್ನು ಮುಚ್ಚಿರಬಹುದು. ಆಗಲೂ ಮಿಸುಕದಿದ್ದರೆ ದೋಷವು ವೈರಿನಲ್ಲೋ ಕಿಂಡಿಯಲ್ಲೋ ಇರುವುದು ಹೆಚ್ಚು ಸಂಭವ.

ಕೆಲವು ಹಳೆಯ ಬೋರ್ಡುಗಳಲ್ಲಿ ಫೈರ್‌ವೈರ್ ಎಂಬ ಇನ್ನೊಂದು ಬಗೆಯ ಸಂಪರ್ಕವೂ ಇರುತ್ತದೆ. ಅದರಲ್ಲಿಯೂ ಒಂಬತ್ತೇ ಪಿನ್ನುಗಳು; ನೋಟಕ್ಕೆ ಎರಡೂ ಒಂದೇ. ಆದರೆ ಅದರಲ್ಲಿ ಹರಿಯುವುದು 12 ವೋಲ್ಟ್. ಯುಎಸ್‌ಬಿಯ ವೈರನ್ನು ತಪ್ಪಿ ಅಲ್ಲಿಗೆ ಕೂಡಿಸಿದರೆ, ಮುಂದೆ ಚುಚ್ಚಿದ ಪೆನ್‌ಡ್ರೈವ್ ಸುಟ್ಟುಹೋಗಬಹುದು. ವರ್ಷವಿಡೀ ಬರೆದಿಟ್ಟ ಪಾಠ ಟಿಪ್ಪಣಿಗಳೂ ಅದರೊಡನೆ ಹೋದವು. ಆದುದರಿಂದ ಪಿನ್ನುಗಳ ಪಕ್ಕದಲ್ಲಿ ಅಚ್ಚಾಗಿರುವ ಸಣ್ಣ ಅಕ್ಷರಗಳನ್ನು ಓದದೆ, ಬೋರ್ಡಿನೊಡನೆ ಬಂದ ಕೈಪಿಡಿಯ ಚಿತ್ರಕ್ಕೆ ಹೋಲಿಸಿ ನೋಡದೆ, ಯಾವ ವೈರನ್ನೂ ಕೂಡಿಸಕೂಡದು.